ಅಗ್ಗದ ಗ್ರಾಫಿಕ್ಸ್ ಕಾರ್ಡಿಗೆ ಅಂಡರ್‌ವೋಲ್ಟಿಂಗ್: ನಮ್ಮ ಭಾಗದ ಬೇಸಿಗೆಯಲ್ಲಿ ಅದು ಎಷ್ಟು ಉಪಯುಕ್ತ, ಮಾಡುವ ಕ್ರಮವೇನು

ಗ್ರಾಫಿಕ್ಸ್ ಕಾರ್ಡಿನ ಚಿಪ್ಪಿಗೆ ತಯಾರಕರು ನಿಗದಿಪಡಿಸಿದ್ದಕ್ಕಿಂತ ಸ್ವಲ್ಪ ಕಡಿಮೆ ವೋಲ್ಟೇಜ್ ಕೊಟ್ಟು, ಹೆಚ್ಚುಕಡಿಮೆ ಮೊದಲಿನ ವೇಗದಲ್ಲಿಯೇ ಅದನ್ನು ಓಡಿಸುವುದನ್ನು ಅಂಡರ್‌ವೋಲ್ಟಿಂಗ್ ಎನ್ನುತ್ತಾರೆ. ದುಬಾರಿ ಕಾರ್ಡುಗಳು 300 ವಾಟ್‌ಗೂ ಮಿಕ್ಕಿ ವಿದ್ಯುತ್ತು ಎಳೆಯುವುದರಿಂದ ಅಲ್ಲಿ ಇದರ ಲಾಭ ಎದ್ದು ಕಾಣುತ್ತದೆ. ಆದರೆ ಹುಬ್ಬಳ್ಳಿಯ ವಿದ್ಯಾನಗರದ ಹಾಸ್ಟೆಲ್ಲಿನಲ್ಲೋ ಧಾರವಾಡದ ಸಪ್ತಾಪುರದ ಪಿಜಿಯಲ್ಲೋ ಕುಳಿತು, ಆರ್‌ಎಕ್ಸ್ 6600, ಆರ್‌ಟಿಎಕ್ಸ್ 3050, ಜಿಟಿಎಕ್ಸ್ 1660 ಸೂಪರ್ ಅಥವಾ ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580ರಂತಹ ಕಾರ್ಡಿನಲ್ಲಿ ಆಟವಾಡುವ, ವಿಡಿಯೊ ಎಡಿಟ್ ಮಾಡುವ, ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ರೆಂಡರ್ ಹಾಕುವ ವಿದ್ಯಾರ್ಥಿಗೆ ಈ ಶ್ರಮ ತಕ್ಕುದೇ ಎಂಬುದನ್ನು ಬೇರೆಯಾಗಿಯೇ ಯೋಚಿಸಬೇಕು. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: 100 ವಾಟ್‌ಗಿಂತ ಹೆಚ್ಚು ಎಳೆಯುವ ಕಾರ್ಡಾಗಿದ್ದರೆ, ಬಿಸಿಯನ್ನೂ ಫ್ಯಾನಿನ ಸದ್ದನ್ನೂ ತಗ್ಗಿಸಲು ಒಂದು ಸಂಜೆಯನ್ನು ಇದಕ್ಕೆ ಕೊಡಬಹುದು, ಕರೆಂಟ್ ಬಿಲ್ ಉಳಿಸುವುದೊಂದೇ ಉದ್ದೇಶವಾಗಿದ್ದರೆ ಕೊಡಬೇಕಾಗಿಲ್ಲ.

ಲಾಭ ಎಲ್ಲಿಂದ ಬರುತ್ತದೆ

ಚಿಪ್ಪಿನೊಳಗಿನ ಟ್ರಾನ್ಸಿಸ್ಟರುಗಳು ಕೆಲಸ ಮಾಡುವಾಗ ಖರ್ಚಾಗುವ ವಿದ್ಯುತ್ತು ಕ್ಲಾಕ್ ವೇಗಕ್ಕೆ (ಮೆಗಾಹರ್ಟ್ಜ್‌ನಲ್ಲಿ ಅಳೆಯುವ, ಚಿಪ್ಪು ಓಡುವ ವೇಗ) ನೇರ ಅನುಪಾತದಲ್ಲಿ ಏರುತ್ತದೆ, ಆದರೆ ವೋಲ್ಟೇಜಿನ ವಿಷಯದಲ್ಲಿ ಅದರ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಆದ್ದರಿಂದ ವೇಗವನ್ನು ಮುಟ್ಟದೆ ವೋಲ್ಟೇಜನ್ನು 1050 ಮಿಲಿವೋಲ್ಟಿನಿಂದ 925ಕ್ಕೆ ಇಳಿಸಿದರೆ, ವೋಲ್ಟೇಜ್ ಶೇಕಡ 12ರಷ್ಟು ಮಾತ್ರ ಇಳಿದಿದ್ದರೂ ಚಿಪ್ಪಿನ ಈ ಖರ್ಚು ಶೇಕಡ 22ರಷ್ಟು ತಗ್ಗುತ್ತದೆ. ಸುಮ್ಮನೆ ಸೋರಿಹೋಗುವ ವಿದ್ಯುತ್ತೂ ವೋಲ್ಟೇಜಿನೊಂದಿಗೆ ಕಡಿಮೆಯಾಗುತ್ತದೆ. ಆದರೆ ಕಾರ್ಡೆಂದರೆ ಚಿಪ್ಪು ಮಾತ್ರವಲ್ಲ. ಮೆಮೊರಿ, ವೋಲ್ಟೇಜ್ ಪರಿವರ್ತಿಸುವ ಭಾಗಗಳು, ಫ್ಯಾನ್ ಇವೆಲ್ಲ ತಮ್ಮ ಪಾಲನ್ನು ಎಳೆಯುತ್ತಲೇ ಇರುವುದರಿಂದ, 130 ವಾಟಿನ ಒಂದು ಕಾರ್ಡಿನಲ್ಲಿ 20ರಿಂದ 25 ವಾಟ್ ಉಳಿಯಬಹುದೆಂದು ನಿರೀಕ್ಷಿಸುವುದು ನ್ಯಾಯ.

ತಯಾರಕರು ಮೊದಲೇ ಕಡಿಮೆ ವೋಲ್ಟೇಜ್ ಏಕೆ ಇಡುವುದಿಲ್ಲ ಎಂದು ಕೇಳುವವರಿದ್ದಾರೆ. ಒಂದೇ ಮಾದರಿಯ ಲಕ್ಷಾಂತರ ಚಿಪ್ಪುಗಳಲ್ಲಿ ಕೆಲವು ಕಡಿಮೆ ವೋಲ್ಟೇಜಿಗೇ ಚೆನ್ನಾಗಿ ಓಡುತ್ತವೆ, ಕೆಲವಕ್ಕೆ ಹೆಚ್ಚು ಬೇಕಾಗುತ್ತದೆ. ಪ್ರತಿಯೊಂದನ್ನೂ ತಾಸುಗಟ್ಟಲೆ ಪರೀಕ್ಷಿಸಲು ಸಾಧ್ಯವಿಲ್ಲದ್ದರಿಂದ, ತೇರ್ಗಡೆಯಾದವುಗಳಲ್ಲಿ ತೀರ ದುರ್ಬಲವಾದ ಚಿಪ್ಪು ಕೂಡ, ಬಿಸಿಯಾದ ಕ್ಯಾಬಿನೆಟ್ಟಿನಲ್ಲಿ, ನಾಲ್ಕಾರು ವರ್ಷ ಹಳತಾದ ಮೇಲೂ ತಪ್ಪಿಲ್ಲದೆ ಓಡುವಂತೆ ಅವರು ವೋಲ್ಟೇಜ್ ನಿಗದಿ ಮಾಡುತ್ತಾರೆ. ಮದುವೆ ಮನೆಯಲ್ಲಿ 500 ಜನ ಬರುವರೆಂದು ಗೊತ್ತಿದ್ದರೂ ಅಡುಗೆಯವರು 600 ಜನಕ್ಕೆ ಆಗುವಷ್ಟು ಹುಗ್ಗಿ ಕುದಿಸುವ ಬಗೆಯ ಮುಂಜಾಗ್ರತೆಯಿದು. ನಿಮ್ಮ ಕಾರ್ಡಿನಲ್ಲಿ ಆ ಹೆಚ್ಚುವರಿ ಎಷ್ಟಿದೆ ಎಂಬುದನ್ನು ನೀವೇ ಹುಡುಕಿಕೊಳ್ಳಬೇಕು. ಅದೇ ಅಂಗಡಿಯಲ್ಲಿ ಅದೇ ದಿನ ಅದೇ ಮಾದರಿ ಕೊಂಡ ಗೆಳೆಯನ ಅಂಕಿಗಳು ನಿಮ್ಮ ಕಾರ್ಡಿಗೆ ಹೊಂದುತ್ತವೆಂಬ ಭರವಸೆ ಇಲ್ಲ.

ಈಗ ಬಿಲ್ಲಿನ ಲೆಕ್ಕ ನೋಡೋಣ. ಕಾರ್ಡಿನಲ್ಲಿ 25 ವಾಟ್ ಉಳಿಯಿತು, ದಿನಕ್ಕೆ 4 ತಾಸು ಆಟ ಎಂದಿಟ್ಟುಕೊಂಡರೆ 30 ದಿನಕ್ಕೆ 3 ಯೂನಿಟ್ ಆಗುತ್ತದೆ. ಕಂಪ್ಯೂಟರಿಗೆ ವಿದ್ಯುತ್ತು ಒದಗಿಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನ ದಕ್ಷತೆ ಶೇಕಡ 85 ಎಂದು ಹಿಡಿದರೆ ಮೀಟರಿನಲ್ಲಿ ಕಾಣುವ ಉಳಿತಾಯ 3.5 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಎಂದರೂ ತಿಂಗಳಿಗೆ 21 ರೂಪಾಯಿ. ಗಿರಮಿಟ್ ತಿಂದು ಚಹಾ ಕುಡಿಯುವುದರೊಳಗೆ ಅದು ಮುಗಿದುಹೋಗುತ್ತದೆ. ಹೆಸ್ಕಾಂ ಗ್ರಾಹಕರಲ್ಲಿ ಬಹಳಷ್ಟು ಮನೆಗಳು 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿರುವುದರಿಂದ, ಅರ್ಹ ಯೂನಿಟ್ಟುಗಳ ಒಳಗೇ ಬಳಕೆ ಇರುವವರಿಗೆ ಈ 21 ರೂಪಾಯಿಯೂ ಉಳಿಯುವುದಿಲ್ಲ. ತಿಂಗಳ ಬಳಕೆ 200 ಯೂನಿಟ್ಟಿನ ಗಡಿಯಲ್ಲೇ ಓಲಾಡುವ ಮನೆಗೆ ಮಾತ್ರ, ಗಡಿ ದಾಟಿದರೆ ಪೂರ್ತಿ ಬಿಲ್ ಬರುವ ಕಾರಣ, ಮೂರು ನಾಲ್ಕು ಯೂನಿಟ್ಟು ಕೂಡ ಲೆಕ್ಕಕ್ಕೆ ಬಂದೀತು.

ಬಿಸಿಯ ಲೆಕ್ಕ ಇದಕ್ಕಿಂತ ಗಟ್ಟಿಯಾದದ್ದು. ಕಾರ್ಡು ಎಳೆದ ಪ್ರತಿ ವಾಟೂ ಕೊನೆಗೆ ನೀವು ಕುಳಿತ ಕೋಣೆಗೆ ಶಾಖವಾಗಿಯೇ ಬರುತ್ತದೆ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಹುಬ್ಬಳ್ಳಿಯಲ್ಲಿ 37 ಡಿಗ್ರಿ ಸುತ್ತಮುತ್ತ ಇರುತ್ತದೆ, ಗದಗದ ಕಡೆ ಸೆಕೆ ಇನ್ನೂ ಹೆಚ್ಚು. ಫ್ಯಾನಿನ ವೇಗ ಬದಲಾಗದಿದ್ದರೆ, ಸುತ್ತಲಿನ ಗಾಳಿಗಿಂತ ಚಿಪ್ಪು ಎಷ್ಟು ಡಿಗ್ರಿ ಮೇಲಕ್ಕೇರುತ್ತದೆ ಎಂಬುದು ಅದು ಎಳೆಯುವ ವಾಟ್‌ಗಳಿಗೆ ಹೆಚ್ಚುಕಡಿಮೆ ಅನುಪಾತದಲ್ಲಿರುತ್ತದೆ. 37 ಡಿಗ್ರಿಯ ಕೋಣೆಯಲ್ಲಿ 130 ವಾಟ್ ಎಳೆದು 77 ಡಿಗ್ರಿಗೆ ನಿಲ್ಲುತ್ತಿದ್ದ ಕಾರ್ಡು 105 ವಾಟ್‌ಗೆ ಇಳಿದರೆ 69 ಡಿಗ್ರಿಯ ಹತ್ತಿರ ಬರುತ್ತದೆ. ಅಥವಾ 77 ಡಿಗ್ರಿಯಲ್ಲೇ ಇರಲಿ ಎಂದು ಬಿಟ್ಟರೆ ಫ್ಯಾನ್ ಅಷ್ಟರಮಟ್ಟಿಗೆ ನಿಧಾನವಾಗಿ ತಿರುಗುತ್ತದೆ. ಅಗ್ಗದ ಕಾರ್ಡುಗಳಿಗೆ ಬಿಸಿ ಹೊರಹಾಕುವ ಸಣ್ಣ ಅಲ್ಯೂಮಿನಿಯಂ ಹೀಟ್‌ಸಿಂಕ್, ಒಂದೋ ಎರಡೋ ಸಣ್ಣ ಫ್ಯಾನ್ ಮಾತ್ರ ಇರುವುದರಿಂದ, ಈ ವ್ಯತ್ಯಾಸ ಅಂಕಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಪಕ್ಕದ ಮಂಚದಲ್ಲಿ ಪರೀಕ್ಷೆಗೆ ಓದುವ ರೂಮ್‌ಮೇಟ್ ಇರುವವರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಾವ ಕಾರ್ಡಿಗೆ ಬೇಕು, ಯಾವುದಕ್ಕೆ ಬೇಡ

ಜಿಟಿ 710 (19 ವಾಟ್) ಅಥವಾ ಜಿಟಿ 1030 (30 ವಾಟ್) ಇದ್ದವರು ಇಲ್ಲಿಗೇ ಓದುವುದನ್ನು ನಿಲ್ಲಿಸಬಹುದು. 107 ವಾಟಿನ ಆರ್‌ಎಕ್ಸ್ 6500 ಎಕ್ಸ್‌ಟಿಯಿಂದ ಹಿಡಿದು 125 ವಾಟಿನ ಜಿಟಿಎಕ್ಸ್ 1660 ಸೂಪರ್, 130 ವಾಟಿನ ಆರ್‌ಟಿಎಕ್ಸ್ 3050, 132 ವಾಟಿನ ಆರ್‌ಎಕ್ಸ್ 6600, 170 ವಾಟಿನ ಆರ್‌ಟಿಎಕ್ಸ್ 3060ರವರೆಗಿನ ಕಾರ್ಡುಗಳೇ ಇದರ ನಿಜವಾದ ಕ್ಷೇತ್ರ. 2017ರಲ್ಲಿ ಬಂದ, 185 ವಾಟ್ ಎಳೆಯುವ ಆರ್‌ಎಕ್ಸ್ 580ರಲ್ಲಿ ಲಾಭ ಎಲ್ಲಕ್ಕಿಂತ ಹೆಚ್ಚು. ಆದರೆ ಸೆಕೆಂಡ್ ಹ್ಯಾಂಡ್ ಆಗಿ ಬರುವ ಆರ್‌ಎಕ್ಸ್ 570, 580ಗಳಲ್ಲಿ ಕೆಲವು ಕ್ರಿಪ್ಟೊ ಮೈನಿಂಗ್‌ನಲ್ಲಿ ದುಡಿದು ಬಂದವು, ಮೈನಿಂಗ್ ಮಾಡುವವರು ಕಾರ್ಡಿನೊಳಗೇ ಬರೆದಿಟ್ಟ ಮೂಲ ತಂತ್ರಾಂಶವಾದ ಬಯೊಸ್‌ನಲ್ಲಿಯೇ ವೋಲ್ಟೇಜ್ ಇಳಿಸಿಟ್ಟಿರುವುದುಂಟು. ಅಂತಹ ಕಾರ್ಡಿನ ಬಯೊಸ್ ಬದಲಾಗಿದೆಯೇ ಎಂದು ನೋಡಿಕೊಳ್ಳದೆ ಇನ್ನಷ್ಟು ಇಳಿಸಲು ಹೋದರೆ ತಲೆಬುಡ ತಿಳಿಯದ ಕ್ರ್ಯಾಶ್‌ಗಳು ಎದುರಾಗುತ್ತವೆ.

75 ವಾಟಿನ ಜಿಟಿಎಕ್ಸ್ 1650, ಜಿಟಿಎಕ್ಸ್ 1050 ಟಿಐ ಕಾರ್ಡುಗಳದ್ದು ಬೇರೆ ಕಥೆ. ಇವುಗಳಲ್ಲಿ ಬಹುಪಾಲು ಮದರ್‌ಬೋರ್ಡಿನ ಸ್ಲಾಟಿನಿಂದಲೇ ವಿದ್ಯುತ್ತು ಪಡೆಯುತ್ತವೆ, ಸ್ಲಾಟಿನ ಮಿತಿಯೂ 75 ವಾಟ್. ಹೀಗಾಗಿ ಜಿಟಿಎಕ್ಸ್ 1650 ಭಾರವಾದ ಆಟದಲ್ಲಿ ಬಿಸಿಯಿಂದಲ್ಲ, ವಾಟ್ ಮಿತಿ ಮುಟ್ಟಿದ್ದರಿಂದ ತನ್ನ ವೇಗ ಇಳಿಸಿಕೊಳ್ಳುವುದುಂಟು. ವೋಲ್ಟೇಜ್ ತಗ್ಗಿಸಿದರೆ ಅದೇ 75 ವಾಟಿನೊಳಗೆ ಹೆಚ್ಚು ಮೆಗಾಹರ್ಟ್ಜ್ ಹಿಡಿಸುತ್ತದೆ. ಬಿಸಿ ಕಡಿಮೆಯಾಗುವುದಿಲ್ಲ, ಆದರೆ ಆಟ ಸ್ವಲ್ಪ ಚುರುಕಾಗುತ್ತದೆ. ನಿಮ್ಮ ಎನ್‌ವಿಡಿಯಾ ಕಾರ್ಡು ಯಾವ ಕಾರಣಕ್ಕೆ ತಡೆಹಿಡಿಯಲ್ಪಟ್ಟಿದೆ ಎಂಬುದನ್ನು ಜಿಪಿಯು-ಝಡ್ ತಂತ್ರಾಂಶದ ಸೆನ್ಸರ್ಸ್ ಪುಟದಲ್ಲಿರುವ ‘ಪರ್ಫ್‌ಕ್ಯಾಪ್ ರೀಸನ್’ ಸಾಲಿನಲ್ಲಿ ನೋಡಬಹುದು: ವಾಟ್ ಮಿತಿಯೇ, ಬಿಸಿಯೇ, ವೋಲ್ಟೇಜ್ ಮಿತಿಯೇ ಎಂಬುದು ಅಲ್ಲಿ ಕಾಣುತ್ತದೆ.

ವೋಲ್ಟೇಜ್ ಮುಟ್ಟುವ ಮೊದಲು

ನಮ್ಮ ಊರುಗಳ ಧೂಳನ್ನು ಲೆಕ್ಕಕ್ಕೆ ಹಿಡಿಯದೆ ಈ ವಿಷಯ ಮಾತಾಡುವುದು ವ್ಯರ್ಥ. ಎರೆಮಣ್ಣಿನ ನುಣುಪಾದ ಧೂಳು, ರಸ್ತೆ ಕಾಮಗಾರಿಯ ಪುಡಿ ಎರಡೂ ಸೇರಿ ಹೀಟ್‌ಸಿಂಕಿನ ಎಲೆಗಳ ನಡುವೆ ಕೂತರೆ, ಅಂಡರ್‌ವೋಲ್ಟಿಂಗ್‌ನಿಂದ ಸಿಗುವ ಲಾಭಕ್ಕಿಂತ ಹೆಚ್ಚಿನ ನಷ್ಟ ಅಲ್ಲಿಯೇ ಆಗುತ್ತಿರುತ್ತದೆ. ಬೇಸಿಗೆಯಲ್ಲಿ ತಂಪಾಗಿರಲೆಂದು ಕ್ಯಾಬಿನೆಟ್ಟಿನ ಪಕ್ಕದ ಬಾಗಿಲನ್ನೇ ತೆಗೆದಿಡುವವರ ಮನೆಯಲ್ಲಿ ಇದು ಇನ್ನೂ ಬೇಗ ತುಂಬುತ್ತದೆ. ಕಂಪ್ಯೂಟರ್ ಪೂರ್ತಿ ಬಂದ್ ಮಾಡಿ, ಪ್ಲಗ್ ತೆಗೆದು, ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದುಕೊಂಡು ಬ್ಲೋವರ್‌ನಿಂದ ಗಾಳಿ ಹಾಯಿಸಬೇಕು. ಹಳೆಯ ಕಾರ್ಡಾಗಿದ್ದರೆ ಚಿಪ್ಪಿನ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿರುವ ಸಾಧ್ಯತೆಯೂ ಇದೆ; ವಾರಂಟಿ ಮುಗಿದಿದ್ದರೆ ಅದನ್ನೂ ಬದಲಿಸಿಕೊಳ್ಳುವುದು ಒಳ್ಳೆಯದು.

ಎರಡನೆಯದು ಫ್ರೇಮ್ ಮಿತಿ. ನಿಮ್ಮ ಮಾನಿಟರ್ 60 ಅಥವಾ 75 ಹರ್ಟ್ಜ್‌ನದ್ದಾಗಿದ್ದು, ಹಗುರವಾದ ಆಟವೊಂದು ಸೆಕೆಂಡಿಗೆ 180 ಫ್ರೇಮ್ (ಚಿತ್ರ) ಕೊಡುತ್ತಿದ್ದರೆ, ಕಣ್ಣಿಗೆ ಕಾಣದ ಫ್ರೇಮ್‌ಗಳಿಗಾಗಿ ಕಾರ್ಡು ಸುಮ್ಮನೆ ಬೇಯುತ್ತಿದೆ ಎಂದರ್ಥ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಮ್ಯಾಕ್ಸ್ ಫ್ರೇಮ್ ರೇಟ್’, ಎಎಂಡಿಯ ಅಡ್ರಿನಲಿನ್ ತಂತ್ರಾಂಶದಲ್ಲಿ ‘ರೇಡಿಯಾನ್ ಚಿಲ್’, ಅಥವಾ ಆಟದ ಸೆಟ್ಟಿಂಗಿನಲ್ಲಿಯೇ ಇರುವ ಮಿತಿಯನ್ನು ಬಳಸಿದರೆ ಅರ್ಧ ನಿಮಿಷದಲ್ಲಿ ಆಗುವ ಈ ಕೆಲಸ, ಹಗುರವಾದ ಆಟಗಳಲ್ಲಿ ಅಂಡರ್‌ವೋಲ್ಟಿಂಗ್‌ಗಿಂತ ಹೆಚ್ಚು ವಾಟ್ ಉಳಿಸುತ್ತದೆ. ಇಷ್ಟರಿಂದಲೇ ಸಮಾಧಾನವಾದರೆ ಮುಂದಿನ ಕೆಲಸ ಬೇಕಾಗಿಯೇ ಇಲ್ಲ.

ಮೂರನೆಯದು ಟಿಪ್ಪಣಿ. ಏನನ್ನೂ ಬದಲಿಸದೆ, ನೀವು ಆಡುವುದರಲ್ಲಿ ಅತಿ ಭಾರವಾದ ಆಟವನ್ನು ಇಪ್ಪತ್ತು ನಿಮಿಷ ಆಡಿ, ಕ್ಲಾಕ್ ವೇಗ, ವೋಲ್ಟೇಜ್, ವಾಟ್, ತಾಪಮಾನ, ಫ್ಯಾನಿನ ವೇಗ, ಸರಾಸರಿ ಫ್ರೇಮ್ ಇವುಗಳನ್ನು ಬರೆದಿಟ್ಟುಕೊಳ್ಳಿ. ಈ ಅಂಕಿಗಳಿಲ್ಲದೆ ಮಾಡಿದ ಅಂಡರ್‌ವೋಲ್ಟಿಂಗ್ ಬರೀ ನಂಬಿಕೆಯ ಮೇಲೆ ನಿಂತಿರುತ್ತದೆ.

ಎನ್‌ವಿಡಿಯಾ ಕಾರ್ಡಿನಲ್ಲಿ

2016ರ ಜಿಟಿಎಕ್ಸ್ 10 ಸರಣಿಯಿಂದ ಈಚಿನ ಕಾರ್ಡುಗಳಿಗೆ ಎಂಎಸ್‌ಐ ಆಫ್ಟರ್‌ಬರ್ನರ್ ತಂತ್ರಾಂಶ ಸಾಕು. ಕಾರ್ಡು ಯಾವ ಕಂಪನಿಯದ್ದಾದರೂ ನಡೆಯುತ್ತದೆ. ಇದರ ಹೆಸರಿನಲ್ಲಿ ವೈರಸ್ ಹಂಚುವ ನಕಲಿ ತಾಣಗಳ ಬಗ್ಗೆ 2021ರಲ್ಲಿ ಎಂಎಸ್‌ಐ ಸಂಸ್ಥೆಯೇ ಎಚ್ಚರಿಕೆ ಕೊಟ್ಟಿತ್ತು, ಆದ್ದರಿಂದ ಆ ಸಂಸ್ಥೆಯ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಬೇಕು.

ಆಫ್ಟರ್‌ಬರ್ನರ್ ತೆರೆದು ಕಂಟ್ರೋಲ್ ಮತ್ತು ಎಫ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಒಂದು ಗ್ರಾಫ್ ತೆರೆದುಕೊಳ್ಳುತ್ತದೆ. ಅಡ್ಡ ಗೆರೆಯಲ್ಲಿ ಮಿಲಿವೋಲ್ಟ್, ಲಂಬ ಗೆರೆಯಲ್ಲಿ ಮೆಗಾಹರ್ಟ್ಜ್ ಇರುತ್ತದೆ; ನಡುವೆ ಏರುತ್ತ ಹೋಗುವ ಚುಕ್ಕೆಗಳು ಯಾವ ವೋಲ್ಟೇಜಿಗೆ ಯಾವ ವೇಗ ಎಂಬುದನ್ನು ಹೇಳುತ್ತವೆ. ನಿಮ್ಮ ಟಿಪ್ಪಣಿಯಲ್ಲಿ ಕಾರ್ಡು ಆಟದ ನಡುವೆ 1850 ಮೆಗಾಹರ್ಟ್ಜ್‌ನಲ್ಲಿ, 1050 ಮಿಲಿವೋಲ್ಟಿನ ಆಸುಪಾಸಿನಲ್ಲಿ ಓಡುತ್ತಿತ್ತು ಎಂದಿಟ್ಟುಕೊಳ್ಳೋಣ. ಅದೇ ವೇಗವನ್ನು, ಅಥವಾ ಅದಕ್ಕಿಂತ 20 ಮೆಗಾಹರ್ಟ್ಜ್ ಕಡಿಮೆಯನ್ನು, 950 ಮಿಲಿವೋಲ್ಟಿನಲ್ಲಿ ಪಡೆಯುವುದು ಮೊದಲ ಗುರಿ. ಮುಖ್ಯ ಕಿಟಕಿಯಲ್ಲಿ ಕೋರ್ ಕ್ಲಾಕ್ ಸ್ಲೈಡರನ್ನು 200ರಷ್ಟು ಋಣಕ್ಕೆ ಎಳೆದು ಟಿಕ್ ಗುರುತನ್ನು ಒತ್ತಿದರೆ ಇಡೀ ಗೆರೆ ಕೆಳಗಿಳಿಯುತ್ತದೆ. ಅದರ ತುತ್ತತುದಿಯೂ ನಿಮ್ಮ ಗುರಿಗಿಂತ ಕೆಳಗಿದೆಯೇ ಎಂದು ನೋಡಿ, ಇಲ್ಲದಿದ್ದರೆ ಇನ್ನಷ್ಟು ಇಳಿಸಿ. ಆಮೇಲೆ 950 ಮಿಲಿವೋಲ್ಟಿನ ಚುಕ್ಕೆಯೊಂದನ್ನೇ ಮೌಸ್‌ನಿಂದ ಹಿಡಿದು 1830ರವರೆಗೆ ಮೇಲಕ್ಕೆತ್ತಿ, ಮತ್ತೆ ಟಿಕ್ ಒತ್ತಬೇಕು. ಆ ಚುಕ್ಕೆಯ ಬಲಭಾಗದ ಗೆರೆ ಚಪ್ಪಟೆಯಾಗಿ ಮಲಗುತ್ತದೆ. 950ಕ್ಕಿಂತ ಹೆಚ್ಚು ವೋಲ್ಟೇಜಿಗೆ ಹೋದರೂ ವೇಗ ಹೆಚ್ಚುವುದಿಲ್ಲವಾದ್ದರಿಂದ ಕಾರ್ಡು ಅಲ್ಲಿಗೇ ನಿಲ್ಲುತ್ತದೆ. ನೀವು 1830 ಎಂದಿಟ್ಟರೂ ಅದು 1815 ಅಥವಾ 1845ಕ್ಕೆ ಸರಿದರೆ ಗಾಬರಿಯಾಗಬೇಕಿಲ್ಲ, ಇತ್ತೀಚಿನ ಸರಣಿಗಳಲ್ಲಿ ವೇಗವು 15 ಮೆಗಾಹರ್ಟ್ಜ್‌ನ ಮೆಟ್ಟಿಲುಗಳಲ್ಲಿ ಮಾತ್ರ ಬದಲಾಗುತ್ತದೆ.

ಇಷ್ಟು ಮಾಡಿ ಅದೇ ಆಟವನ್ನು ಆಡಿ ನೋಡಬೇಕು. ಏನೂ ತೊಂದರೆಯಾಗದಿದ್ದರೆ 25 ಮಿಲಿವೋಲ್ಟ್ ಇಳಿಸಿ ಪುನಃ ಪರೀಕ್ಷಿಸಬೇಕು. ಆಟ ತಾನಾಗಿ ಮುಚ್ಚಿಕೊಂಡರೆ ಅಥವಾ ಪರದೆ ಕಪ್ಪಾಗಿ ಮರಳಿ ಬಂದರೆ ಒಂದು ಮೆಟ್ಟಿಲು ಮೇಲಕ್ಕೆ, ಅಂದರೆ ಹಿಂದಿನ ವೋಲ್ಟೇಜಿಗೆ ಬರಬೇಕು. ಇನ್ನೂ ಐದು ಮಿಲಿವೋಲ್ಟ್ ಕಸಿದುಕೊಳ್ಳಲು ರಾತ್ರಿಯಿಡೀ ಕೂರುವ ಹುಚ್ಚನ್ನು ನಾನು ಪ್ರೋತ್ಸಾಹಿಸುವುದಿಲ್ಲ. ಅಗ್ಗದ ಕಾರ್ಡಿನಲ್ಲಿ ಅದು ಒಂದು ವಾಟಿನ ಮಾತು.

ಗ್ರಾಫಿನ ಗೊಡವೆಯೇ ಬೇಡ ಎನ್ನುವವರು ಪವರ್ ಲಿಮಿಟ್ ಸ್ಲೈಡರನ್ನು 100ರಿಂದ 80ಕ್ಕೆ ಇಳಿಸಬಹುದು. ಆಗ ಕಾರ್ಡು ಕಾರ್ಖಾನೆಯ ಗೆರೆಯ ಮೇಲೆಯೇ ಕೆಳಗೆ ಜಾರಿ ವೇಗ ಕಳೆದುಕೊಳ್ಳುತ್ತದೆ, ಆದರೆ ಕ್ರ್ಯಾಶ್ ಆಗುವ ಭಯ ಇರುವುದಿಲ್ಲ. ಅಪ್ಪನ ಅಥವಾ ತಂಗಿಯ ಕಂಪ್ಯೂಟರಿಗೆ ನಾನು ಇದನ್ನೇ ಮಾಡಿಕೊಡುತ್ತೇನೆ.

ಎಎಂಡಿ ಕಾರ್ಡಿನಲ್ಲಿ

ಇಲ್ಲಿ ಬೇರೆ ತಂತ್ರಾಂಶ ಬೇಕಿಲ್ಲ. ಅಡ್ರಿನಲಿನ್ ತೆರೆದು, ಪರ್ಫಾರ್ಮೆನ್ಸ್ ಪುಟದ ಟ್ಯೂನಿಂಗ್ ವಿಭಾಗದಲ್ಲಿ ‘ಕಸ್ಟಮ್’ ಆಯ್ದು, ಜಿಪಿಯು ಟ್ಯೂನಿಂಗ್ ಚಾಲೂ ಮಾಡಿದರೆ ವೋಲ್ಟೇಜ್ ಸ್ಲೈಡರ್ ಸಿಗುತ್ತದೆ. ಆರ್‌ಎಕ್ಸ್ 6600ರಲ್ಲಿ ಅದು ಸಾಮಾನ್ಯವಾಗಿ 1150 ಮಿಲಿವೋಲ್ಟ್ ಎಂದು ತೋರಿಸುತ್ತದೆ. ಅದನ್ನು 1100ಕ್ಕೆ, ಬಳಿಕ 1075ಕ್ಕೆ, ಬಳಿಕ 1050ಕ್ಕೆ ಇಳಿಸುತ್ತ ಪ್ರತಿ ಮೆಟ್ಟಿಲಿನಲ್ಲಿ ಪರೀಕ್ಷಿಸಬೇಕು. ಈ ಸರಣಿಯಲ್ಲಿ ಸ್ಲೈಡರಿನ ಅಂಕಿ ಕಾರ್ಡಿನ ನಿಜವಾದ ವೋಲ್ಟೇಜ್ ಅಲ್ಲ, ಇಡೀ ಗೆರೆಯನ್ನು ಎಷ್ಟು ಕೆಳಕ್ಕೆ ಸರಿಸಬೇಕೆಂಬ ಸೂಚನೆ ಎಂದೇ ತಿಳಿಯಬೇಕು. ಸೆನ್ಸರಿನಲ್ಲಿ ಬೇರೆ ಅಂಕಿ ಕಂಡರೆ ಅದು ದೋಷವಲ್ಲ. ಗರಿಷ್ಠ ವೇಗವನ್ನು ಶೇಕಡ 5ರಷ್ಟು ತಗ್ಗಿಸಿದರೆ ಇನ್ನೂ ಕಡಿಮೆ ವೋಲ್ಟೇಜಿಗೆ ಕಾರ್ಡು ಒಗ್ಗುತ್ತದೆ, ಆಟದಲ್ಲಿ ಮೂರು ನಾಲ್ಕು ಫ್ರೇಮ್ ಹೋದದ್ದು ಗಮನಕ್ಕೂ ಬರುವುದಿಲ್ಲ.

ಇನ್ನೊಂದು ಸಂಗತಿ ಹಲವರನ್ನು ದಾರಿ ತಪ್ಪಿಸುತ್ತದೆ. ಆರ್‌ಎಕ್ಸ್ 6600 ತಂತ್ರಾಂಶದಲ್ಲಿ ತೋರಿಸುವ ಗರಿಷ್ಠ 100 ವಾಟ್ ಚಿಪ್ಪಿಗೆ ಸಂಬಂಧಿಸಿದ್ದು, ಇಡೀ ಕಾರ್ಡಿನದ್ದು 132 ವಾಟ್. ಎನ್‌ವಿಡಿಯಾ ತೋರಿಸುವುದು ಇಡೀ ಕಾರ್ಡಿನ ವಾಟ್. ಆದ್ದರಿಂದ ಇಬ್ಬರು ಗೆಳೆಯರು ತಮ್ಮ ಎರಡು ಬ್ರ್ಯಾಂಡಿನ ಕಾರ್ಡುಗಳ ವಾಟ್ ಅಂಕಿಗಳನ್ನು ನೇರವಾಗಿ ಹೋಲಿಸಿ ವಾದಕ್ಕಿಳಿಯುವುದು ಅರ್ಥವಿಲ್ಲದ್ದು. ಎಎಂಡಿಯಲ್ಲಿ ‘ಅಂಡರ್‌ವೋಲ್ಟ್ ಜಿಪಿಯು’ ಎಂಬ ಸ್ವಯಂಚಾಲಿತ ಗುಂಡಿಯೂ ಇದೆ. ಅದು ಇಳಿಸುವುದು ಅಲ್ಪವೇ ಆದರೂ, ಸಮಯವಿಲ್ಲದವರಿಗೆ ಸಾಕು. ಲಿನಕ್ಸ್ ಬಳಸುವವರಿಗೆ ಲ್ಯಾಕ್ಟ್ ಅಥವಾ ಕೋರ್‌ಕಂಟ್ರೋಲ್ ತಂತ್ರಾಂಶದಲ್ಲಿ ಇದೇ ಸೌಲಭ್ಯ ಸಿಗುತ್ತದೆ.

ಪರೀಕ್ಷೆಯಲ್ಲಿ ಜನ ಎಡವುವ ಜಾಗ

ಕಾರ್ಡಿಗೆ ಭಾರ ಹೊರಿಸಿ ಪರೀಕ್ಷಿಸುವ ಫರ್‌ಮಾರ್ಕ್ ತಂತ್ರಾಂಶ ಅರ್ಧ ತಾಸು ಓಡಿತು, ಆದ್ದರಿಂದ ಎಲ್ಲ ಸರಿ ಎಂದು ತೀರ್ಮಾನಿಸುವವರೇ ಹೆಚ್ಚು. ಫರ್‌ಮಾರ್ಕ್ ಕಾರ್ಡನ್ನು ತಕ್ಷಣ ವಾಟ್ ಮಿತಿಗೆ ತಳ್ಳುತ್ತದೆ, ಆಗ ಕಾರ್ಡು ವೇಗ ಇಳಿಸಿಕೊಂಡು ಗೆರೆಯ ಕೆಳಭಾಗದಲ್ಲಿ ಸುರಕ್ಷಿತವಾಗಿ ಓಡುತ್ತಿರುತ್ತದೆ. ಅಂಡರ್‌ವೋಲ್ಟ್ ಕೈಕೊಡುವುದು ಗೆರೆಯ ತುದಿಯಲ್ಲಿ, ಅಂದರೆ ಹೊರೆ ಹಗುರವಾಗಿದ್ದು ವೇಗ ಗರಿಷ್ಠವಾಗಿದ್ದಾಗ. ಆಟದ ಮೆನುವಿನಲ್ಲಿ, ಒಂದು ಹಂತ ಲೋಡ್ ಆಗಿ ಇನ್ನೊಂದು ಶುರುವಾಗುವ ಕ್ಷಣದಲ್ಲಿ, ಆಲ್ಟ್-ಟ್ಯಾಬ್ ಒತ್ತಿ ಹೊರಬಂದು ಮರಳುವಾಗ ಕ್ರ್ಯಾಶ್ ಆಗುವುದು ಇದೇ ಕಾರಣಕ್ಕೆ. ಆದ್ದರಿಂದ 3ಡಿಮಾರ್ಕ್ ಅಥವಾ ಯುನಿಜಿನ್ ಸೂಪರ್‌ಪೊಸಿಷನ್ ಎಂಬ ಪರೀಕ್ಷಾ ತಂತ್ರಾಂಶ ಓಡಿಸಿದ ಮೇಲೆ, ಹಗುರವಾದ ಒಂದು, ಭಾರವಾದ ಒಂದು ಆಟವನ್ನು ವಿ-ಸಿಂಕ್ (ಫ್ರೇಮ್‌ಗಳನ್ನು ಮಾನಿಟರಿನ ಹರ್ಟ್ಜ್‌ಗೆ ಕಟ್ಟಿಹಾಕುವ ಆಯ್ಕೆ) ತೆಗೆದು ಆಡಬೇಕು. ಬೆಳಕು-ನೆರಳನ್ನು ನೈಜವಾಗಿ ಲೆಕ್ಕಹಾಕುವ ರೇ ಟ್ರೇಸಿಂಗ್ ಇರುವ ಕಾರ್ಡಾದರೆ ಅದನ್ನೂ ಒಮ್ಮೆ ಹಚ್ಚಿ ನೋಡಬೇಕು. ಪರದೆ ಕಪ್ಪಾಗಿ ಮರಳಿದ್ದು ಅಂಡರ್‌ವೋಲ್ಟಿನಿಂದಲೋ ಬೇರೆ ಕಾರಣಕ್ಕೋ ಎಂಬ ಅನುಮಾನವಿದ್ದರೆ, ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಡಿಸ್‌ಪ್ಲೇ ಡ್ರೈವರ್ ನಿಂತು ಚೇತರಿಸಿಕೊಂಡಿತೆಂಬ 4101 ಸಂಖ್ಯೆಯ ದಾಖಲೆ ಇದೆಯೇ ನೋಡಬಹುದು.

ಇದೇ ಹೊತ್ತಿನಲ್ಲಿ ಮೆಮೊರಿಯ ವೇಗ ಏರಿಸಲು ಹೋಗಬಾರದು. ಎರಡನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಯಾವುದರದ್ದೆಂದು ತಿಳಿಯುವುದಿಲ್ಲ. ಆಫ್ಟರ್‌ಬರ್ನರ್‌ನಲ್ಲಿ, ವಿಂಡೋಸ್ ಶುರುವಾದಾಗಲೇ ಅಂಡರ್‌ವೋಲ್ಟ್ ಜಾರಿಯಾಗುವ ಆಯ್ಕೆಯನ್ನು ಒಂದು ವಾರ ನೆಮ್ಮದಿಯಾಗಿ ಕಳೆದ ಮೇಲೆಯೇ ಹಚ್ಚಬೇಕು. ಅಲ್ಲಿಯವರೆಗೆ ಏನೇ ಆದರೂ ರಿಸ್ಟಾರ್ಟ್ ಮಾಡಿದರೆ ಕಾರ್ಡು ಮೊದಲಿನ ಸ್ಥಿತಿಗೆ ಮರಳುತ್ತದೆ, ಹಾಳಾಗುವುದಿಲ್ಲ. ಬಯೊಸ್ ಫ್ಲ್ಯಾಶ್ ಮಾಡಿ ಶಾಶ್ವತವಾಗಿ ಇಳಿಸುವ ದಾರಿಯೂ ಇದೆ, ಅಗ್ಗದ ಕಾರ್ಡಿಗಾಗಿ ಆ ಅಪಾಯ ಬೇಡ.

ಎಸ್‌ಎಂಪಿಎಸ್ ಬಗ್ಗೆಯೂ ಒಂದು ಮಾತು ಹೇಳಬೇಕು. ಕ್ಯಾಬಿನೆಟ್ ಜೊತೆಗೇ ಬಂದ ಹೆಸರಿಲ್ಲದ ಎಸ್‌ಎಂಪಿಎಸ್‌ಗೆ ಭಾರ ಕಡಿಮೆಯಾಗಲೆಂದು ಅಂಡರ್‌ವೋಲ್ಟ್ ಮಾಡುವವರನ್ನು ನೋಡಿದ್ದೇನೆ. ಕಾರ್ಡು ಕ್ಷಣಾರ್ಧದಲ್ಲಿ ಎಳೆಯುವ ಹಠಾತ್ ಹೊರೆ ಆಮೇಲೂ ಉಳಿಯುವುದರಿಂದ, ದುರ್ಬಲ ಎಸ್‌ಎಂಪಿಎಸ್‌ಗೆ ಇದು ಮದ್ದಲ್ಲ, ಬದಲಿಸುವುದೇ ಸರಿ. ಕರೆಂಟ್ ಹೋದಾಗ ನೆರವಾಗುವ, 360 ವಾಟ್ ಮಿತಿಯ 600 ವಿಎ ಯುಪಿಎಸ್‌ನಲ್ಲಿ ಮಾತ್ರ 25 ವಾಟ್ ಕಡಿಮೆಯಾದದ್ದು ಫೈಲ್ ಸೇವ್ ಮಾಡಿಕೊಳ್ಳಲು ಸ್ವಲ್ಪ ಹೆಚ್ಚಿನ ಅವಕಾಶ ಕೊಡುತ್ತದೆ.

ಡಿಸೆಂಬರಿನ ತಂಪಿನಲ್ಲಿ ಧಾರವಾಡದಲ್ಲಿ ಕುಳಿತು ಹುಡುಕಿದ ಕನಿಷ್ಠ ವೋಲ್ಟೇಜ್ ಏಪ್ರಿಲ್‌ನಲ್ಲಿಯೂ ನಿಲ್ಲುತ್ತದೆಂದು ಎಣಿಸಬಾರದು, ಬಿಸಿ ಏರಿದಂತೆ ಚಿಪ್ಪಿನ ಸ್ಥಿರತೆ ತಗ್ಗುತ್ತದೆ. ಚಳಿಗಾಲದಲ್ಲಿ ಹೊಂದಿಸುವವರು ಸಿಕ್ಕ ಅಂಕಿಗಿಂತ 25 ಮಿಲಿವೋಲ್ಟ್ ಮೇಲಿಟ್ಟುಕೊಳ್ಳಲಿ. ಬೇಸಿಗೆಯಲ್ಲಿ ಹೊಂದಿಸುವವರು ಸಂಜೆಯ ಬದಲು ಮಧ್ಯಾಹ್ನ ಪರೀಕ್ಷೆ ಮಾಡಲಿ. ಡ್ರೈವರ್ ಅಪ್‌ಡೇಟ್ ಆದ ಮೇಲೆ ಅಡ್ರಿನಲಿನ್ ಕೆಲವೊಮ್ಮೆ ಸೆಟ್ಟಿಂಗುಗಳನ್ನು ಮೊದಲಿನಂತೆ ಮಾಡಿಬಿಡುತ್ತದೆ, ಆಗ ಪುನಃ ಹಾಕಿಕೊಳ್ಳಬೇಕು. ತಿಂಗಳುಗಳ ಬಳಿಕ ಹೊಸ ಆಟವೊಂದು ಪದೇ ಪದೇ ಮುಚ್ಚಿಕೊಳ್ಳತೊಡಗಿದರೆ, ಆಟವನ್ನೋ ರ್‍ಯಾಮನ್ನೋ ದೂರುವ ಮೊದಲು ಅಂಡರ್‌ವೋಲ್ಟ್ ತೆಗೆದು ಒಂದು ದಿನ ಆಡಿ ನೋಡಿ. ತೊಂದರೆ ಮಾಯವಾದರೆ 25 ಮಿಲಿವೋಲ್ಟ್ ಏರಿಸಿ ಮರಳಿ ಹಚ್ಚಿಕೊಳ್ಳಿ.